ಊರಲ್ಲಿಲ್ಲದ ಅಡ್ಡಹೆಸರು

ಗಾಣಗಾಪುರದ ಯಾತ್ರಿನಿವಾಸವೊಂದರ ಬಾಗಿಲಲ್ಲಿ ರಿಜಿಸ್ಟರು ಹರವಿಕೊಂಡು ಕೂತಿದ್ದ ಹುಡುಗ ನನ್ನ ಹೆಸರು ಬರೆದುಕೊಂಡ. ತಲೆ ಎತ್ತದೆಯೇ ‘ಅಡ್ಡಹೆಸರು?’ ಅಂದ.

‘ಗಾಣಗಾಪುರ.’

‘ಊರು ಆಮ್ಯಾಲ ಕೇಳ್ತೀನ್ರೀ. ಮೊದಲ ಅಡ್ಡಹೆಸರು ಹೇಳ್ರಿ.’

‘ಅಡ್ಡಹೆಸರೇ ಗಾಣಗಾಪುರ ಅದ.’

‘ಮತ್ತ ಊರು?’

‘ಧಾರವಾಡ.’

ಆಗ ತಲೆ ಎತ್ತಿದ. ನಾನು ಅಂಗಿಯ ಗುಂಡಿ ತಪ್ಪಿಸಿ ಹಾಕಿಕೊಂಡು ಬಂದಿದ್ದೇನೋ ಎಂಬಂತೆ ಮೇಲಿನಿಂದ ಕೆಳಗಿನವರೆಗೆ ನೋಡಿದ. ಇರಲಿ ಎಂದು ನಾನೇ ಕೇಳಿದೆ: ‘ಈ ಅಡ್ಡಹೆಸರಿನವರು ಊರಾಗ ಯಾರಾದ್ರೂ ಅದಾರೇನಪಾ?’

‘ಊರಾಗ ಯಾಕ ಇರ್ತಾರ್ರೀ? ಇಲ್ಲಿ ಎಲ್ಲಾರೂ ಗಾಣಗಾಪುರದವ್ರೇ. ಯಾರಿಗಂತ ಹಂಗ ಕರೀಬೇಕು?’

ನಾನು ಹದಿನೈದು ವರ್ಷ ತಲೆ ಕೆಡಿಸಿಕೊಂಡಿದ್ದ ಪ್ರಶ್ನೆಗೆ ಆ ಹುಡುಗ ಪೆನ್ನಿನ ಮುಚ್ಚಳ ಹಾಕುವಷ್ಟರಲ್ಲಿ ಉತ್ತರ ಕೊಟ್ಟಿದ್ದ. ಊರಿನ ಹೆಸರು ಮನುಷ್ಯನಿಗೆ ಅಂಟಬೇಕಾದರೆ ಅವನು ಆ ಊರು ಬಿಡಬೇಕು. ಊರಲ್ಲೇ ಉಳಿದವನು ಕುಂಬಾರನೋ ಬಡಿಗೇರನೋ ಪೂಜಾರಿಯೋ ಆಗಿಯೇ ಇರುತ್ತಾನೆ. ಸೀಮೆ ದಾಟಿ ಇನ್ನೊಂದು ಊರಿನ ಕಟ್ಟೆಗೆ ಹೋಗಿ ಕೂತ ದಿನ ಅವನು ‘ಗಾಣಗಾಪುರದಾಂವ’. ಅಂದರೆ ನಮ್ಮ ಅಡ್ಡಹೆಸರು ನಾವು ಎಲ್ಲಿಯವರು ಎಂದು ಹೇಳುತ್ತಿಲ್ಲ, ಎಲ್ಲಿ ಇಲ್ಲ ಎಂದು ಹೇಳುತ್ತಿದೆ.

ಇದು ನಮ್ಮೊಬ್ಬರ ಮನೆಯ ಕತೆಯಲ್ಲ. ಎಂ. ಎಂ. ಕಲಬುರ್ಗಿಯವರು ಹುಟ್ಟಿದ್ದು ಸಿಂದಗಿ ತಾಲೂಕಿನಲ್ಲಿ, ಬದುಕಿದ್ದು ಧಾರವಾಡದಲ್ಲಿ. ಕಲಬುರಗಿ ಅವರ ಹೆಸರಿನಲ್ಲಿತ್ತು. ಗಂಗೂಬಾಯಿ ಹಾನಗಲ್ಲರು ಧಾರವಾಡದಲ್ಲಿ ಹುಟ್ಟಿ ಹುಬ್ಬಳ್ಳಿಯಲ್ಲಿ ಹಾಡಿದರೂ ಹಾನಗಲ್ಲು ಅವರನ್ನು ಬಿಡಲಿಲ್ಲ. ಹಳೇ ಮೈಸೂರಿನ ಕಡೆ ಊರು ಹೆಸರಿನ ಹಿಂದೆ ಬರುವುದಿಲ್ಲ, ಮುಂದೆ ಬರುತ್ತದೆ. ಅದೂ ಒಂದಕ್ಷರಕ್ಕೆ ಮುದುಡಿಕೊಂಡು. ಕೆ. ವಿ. ಪುಟ್ಟಪ್ಪನವರ ‘ಕೆ’ಯೊಳಗೆ ಇಡೀ ಕುಪ್ಪಳಿ ಕೂತಿದೆ. ಯು. ಆರ್. ಅನಂತಮೂರ್ತಿಯವರ ‘ಯು’ ಉಡುಪಿ, ಅವರು ಹುಟ್ಟಿದ್ದು ತೀರ್ಥಹಳ್ಳಿ ತಾಲೂಕಿನ ಮೇಳಿಗೆಯಲ್ಲಿ. ನನ್ನ ಮಗಳು ಬೆಂಗಳೂರಿಗೆ ಓದಲು ಹೋದಾಗ ಅವಳ ಹೆಸರಿನ ತುದಿಯಲ್ಲಿ ಒಂದು ‘ಜಿ’ ಮಾತ್ರ ಉಳಿಯಿತು. ಭೀಮಾ ನದಿ, ದತ್ತನ ಗುಡಿ, ಸಂಗಮ, ಅತ್ತಿ ಮರ ಎಲ್ಲ ಆ ‘ಜಿ’ಯೊಳಗೆ. ಗೆಳತಿಯರು ಅದನ್ನು ಗೌಡ ಎಂದು ತಿಳಿದರಂತೆ. ಅವಳೂ ಅಲ್ಲ ಅನ್ನಲಿಲ್ಲವಂತೆ.

ನಮ್ಮ ಮನೆಯಲ್ಲಿ ಈ ಹೆಸರು ಹುಟ್ಟಿದ್ದು ಸೊಲ್ಲಾಪುರದಲ್ಲಿ. ಬರದ ವರ್ಷವೊಂದರಲ್ಲಿ ಮುತ್ತಜ್ಜ ಒಂದು ಗಂಟು ಜೋಳದ ರೊಟ್ಟಿ ಕಟ್ಟಿಕೊಂಡು ಗಾಣಗಾಪುರ ರೋಡ್ ಸ್ಟೇಶನ್ನಿನಲ್ಲಿ ರೈಲು ಹತ್ತಿದ. ಮುಂಬಯಿಯಿಂದ ಬಂದ ಹಳಿ 1871ರಲ್ಲಿ ರಾಯಚೂರು ಮುಟ್ಟಿ ಮದ್ರಾಸಿನ ಹಳಿಯ ಜೊತೆ ಕೈ ಜೋಡಿಸಿತ್ತು. ಸೊಲ್ಲಾಪುರದಲ್ಲಿ 1877ರಲ್ಲಿ ಹಳೇ ಗಿರಣಿ ಶುರುವಾಗಿತ್ತು. ನಮ್ಮ ಕಡೆಯ ಮಳೆ ಕೈಕೊಟ್ಟಾಗಲೆಲ್ಲ ಆ ಊರಿನ ಗಿರಣಿಗಳ ಭೋಂಗಾ ಇಲ್ಲಿಯವರೆಗೂ ಕೇಳಿಸುತ್ತಿತ್ತು ಎಂದು ಅಜ್ಜಿ ಹೇಳುತ್ತಿದ್ದಳು. ಗಿರಣಿಯ ಹಾಜರಿ ಬರೆಯುವವನು ಮರಾಠಿಯವ. ‘ಯಾವ ಊರು?’ ಅಂದ. ಮುತ್ತಜ್ಜ ಹೇಳಿದ. ಅವನು ಒಂದು ‘ಕರ’ ಸೇರಿಸಿ ಬರೆದ. ಪಗಾರದ ದಿನ ‘ಗಾಣಗಾಪೂರಕರ!’ ಎಂದು ಕೂಗಿದಾಗ ಮುತ್ತಜ್ಜ ಹಿಂದೆ ಮುಂದೆ ನೋಡುತ್ತ ನಿಂತನಂತೆ, ಯಾರೋ ನಮ್ಮೂರ ಕಡೆಯವರು ಬಂದಿದ್ದಾರೆ ಎಂದುಕೊಂಡು.

ಅಲ್ಲಿಂದ ಹೆಸರು ಕವಲೊಡೆಯಿತು. ಸೊಲ್ಲಾಪುರದಲ್ಲೇ ಉಳಿದ ದೊಡ್ಡ ಮಗನ ಮಕ್ಕಳು ಇವತ್ತಿಗೂ ಗಾಣಗಾಪೂರಕರ. ಮನೆಯಲ್ಲಿ ಕನ್ನಡ, ಬಾಗಿಲಾಚೆ ಮರಾಠಿ. ಎರಡನೆಯವ ಆಳಂದ ತಾಲೂಕಿನಲ್ಲಿ ಹೆಂಡತಿಯ ಊರಿಗೆ ಮನೆ ಅಳಿಯನಾಗಿ ಹೋದ. ಅಲ್ಲಿ ‘ಕರ’ ಉದುರಿತು. ನಮ್ಮ ಅಜ್ಜ ಅವನೇ. ನಮ್ಮಪ್ಪ ನೌಕರಿ ಹಿಡಿದು ಧಾರವಾಡಕ್ಕೆ ಬಂದ. ಇಲ್ಲಿ ಇಂಗ್ಲಿಷಿನಲ್ಲಿ ಬರೆಯುವವರು ನಡುವಿನ ಒಂದು ‘ಎ’ ನುಂಗಿ ನಮ್ಮನ್ನು ‘ಗಂಗಾಪುರ’ ಮಾಡಿದರು. ಒಂದಕ್ಷರ ತಾನೆ ಎನ್ನಬೇಡಿ. ಗಂಗಾಪುರ ಎಂಬ ತಾಲೂಕು ಹಿಂದಿನ ಔರಂಗಾಬಾದ ಜಿಲ್ಲೆಯಲ್ಲಿದೆ, ಗಂಗಾಪುರ ಎಂಬ ಆಣೆಕಟ್ಟು ನಾಸಿಕದ ಹತ್ತಿರ ಗೋದಾವರಿಯ ಮೇಲಿದೆ. ಭೀಮಾ ತೀರದ ನಾವು ಕಾರಕೂನನ ಒಂದೇ ಗುಟುಕಿಗೆ ಗೋದಾವರಿ ಪಾಲಾದೆವು. ಬ್ಯಾಂಕೊಂದರಲ್ಲಿ ಆಧಾರಿನ ನಾನೂ ಪ್ಯಾನಿನ ನಾನೂ ಬೇರೆ ಬೇರೆ ಎಂದು ತೀರ್ಮಾನವಾಗಿ, ಇಬ್ಬರೂ ಒಬ್ಬರೇ ಎಂದು ನಾನು ನೋಟರಿಯ ಮುಂದೆ ಪ್ರಮಾಣ ಮಾಡಿದ್ದೇನೆ. ಇಷ್ಟಾಗಿಯೂ ನಮ್ಮ ಸೀಮೆಯವರಿಗಿರುವ 371 ಜೆ ಮೀಸಲಾತಿ ಕೇಳಲು ಹೋದರೆ ಹೆಸರಿನಲ್ಲಿ ಗಾಣಗಾಪುರ ಇದ್ದದ್ದು ಲೆಕ್ಕಕ್ಕಿಲ್ಲ. ಕಲ್ಯಾಣ ಕರ್ನಾಟಕ ಹೆಸರಿನ ಹಿಂದೆ ಇದ್ದರೆ ಸಾಲದು, ಕಾಲಿನ ಕೆಳಗೆ ಇರಬೇಕು.

ನಮ್ಮ ಸೀಮೆಯ ಅಡ್ಡಹೆಸರುಗಳಲ್ಲಿ ಹೊರಗಿನವರು ಎಡವುವುದೇ ಹೆಚ್ಚು. ಮಾಲಿಪಾಟೀಲರನ್ನು ತೋಟದ ಮಾಲಿಗೆ ಗಂಟು ಹಾಕುವವರನ್ನು ನೋಡಿದ್ದೇನೆ. ಹೂವಿಗೂ ಅದಕ್ಕೂ ಸಂಬಂಧವಿಲ್ಲ. ನಿಜಾಮರ ಕಾಲದಲ್ಲಿ ಹಳ್ಳಿಗೆ ಇಬ್ಬರು ಪಾಟೀಲರು: ‘ಮಾಲ್’ ಎಂದರೆ ಕಂದಾಯ, ಅದನ್ನು ನೋಡುವವನು ಮಾಲಿಪಾಟೀಲ, ಕಳ್ಳಕಾಕರನ್ನು ನೋಡುವವನು ಪೊಲೀಸ್ ಪಾಟೀಲ. 1948ರಲ್ಲಿ ನಿಜಾಮ ಹೋದ, ಆಮೇಲೆ ಆ ಹುದ್ದೆಗಳೂ ಹೋದವು. ಹೆಸರು ಮಾತ್ರ ಪಿಂಚಣಿಯಂತೆ ಮಕ್ಕಳಿಗೆ ಬರುತ್ತಿದೆ. ಸೇಂದಿ ಗುತ್ತಿಗೆ ಹಿಡಿದವರು ಗುತ್ತೇದಾರರಾದರು. ಅಫಜಲಪುರ, ಆಳಂದ ಎರಡೂ ಕಡೆಯಿಂದ ಗುತ್ತೇದಾರರು ವಿಧಾನಸಭೆಗೆ ಹೋದದ್ದು ಎಲ್ಲರಿಗೂ ಗೊತ್ತು. ಜೇವರ್ಗಿಯವರು ಮಾತ್ರ ಈ ಉಸಾಬರಿಗೇ ಹೋಗದೆ ಧರ್ಮಸಿಂಗ್ ಎಂದು ಎರಡೇ ಮಾತಿನಲ್ಲಿ ಮುಗಿಸಿ ಮುಖ್ಯಮಂತ್ರಿಯನ್ನು ಕಳಿಸಿದರು.

ನೆರೆಯ ಸುರಪುರಕ್ಕೆ 1841ರಲ್ಲಿ ಒಬ್ಬ ಇಂಗ್ಲಿಷ್ ಅಧಿಕಾರಿ ಬಂದ, ಫಿಲಿಪ್ ಮೆಡೋಸ್ ಟೇಲರ್. ಹತ್ತು ಹನ್ನೆರಡು ವರ್ಷ ಅಲ್ಲಿದ್ದ. ಗುಡ್ಡದ ಮೇಲೆ ಅವನು ಕಟ್ಟಿಸಿದ ಟೇಲರ್ ಮಂಜಿಲ್ ಈಗಲೂ ಇದೆ. ‘ಮೆಡೋಸ್’ ಬಾಯಿಗೆ ಹತ್ತದೆ ಜನ ಅವನನ್ನು ಮಹಾದೇವ ಬಾಬಾ ಮಾಡಿಬಿಟ್ಟರು. ಟೇಲರ್ ಎಂದರೆ ದರ್ಜಿ, ನಮ್ಮ ಮಾತಿನಲ್ಲಿ ಸಿಂಪಿ. ಚಡಚಣದ ಸಿಂಪಿ ಲಿಂಗಣ್ಣನವರ ಅಡ್ಡಹೆಸರಿಗೂ ಸಾಹೇಬನ ಅಡ್ಡಹೆಸರಿಗೂ ಸೂಜಿಯಷ್ಟೂ ಅಂತರವಿಲ್ಲ. ‘ಮಹಾದೇವ ಸಿಂಪಿ’ ಎಂದು ಕರೆದಿದ್ದರೆ ಅವನು ಸಂತೆಯಲ್ಲಿ ಯಾರಿಗೂ ಗುರುತು ಸಿಗದಂತೆ ಬೆರೆತುಹೋಗುತ್ತಿದ್ದ.

ಇಂಗ್ಲಿಷರು ಈ ಅಡ್ಡಹೆಸರಿನ ಹುಚ್ಚನ್ನು ಶಿಸ್ತಿನಿಂದ ಮಾಡುತ್ತಾರೆ. ಒಂದೇ ಅಡ್ಡಹೆಸರು ಹಿಡಿದು, ಅದು ಯಾವ ಹಳ್ಳಿಯಲ್ಲಿ ಹುಟ್ಟಿತು, ಎಲ್ಲೆಲ್ಲಿ ಹಬ್ಬಿತು ಎಂದು ಜೀವಮಾನವೆಲ್ಲ ಹುಡುಕುವವರಿಗಾಗಿಯೇ ಅಲ್ಲಿ 1979ರಲ್ಲಿ ಒಂದು ಸಂಘ ಹುಟ್ಟಿತು. ಹೆಸರು ಅಪರೂಪದ್ದಾದಷ್ಟೂ ಅವರಿಗೆ ಖುಷಿ. ಚರ್ಚಿನ ಹಳೆಯ ಪುಸ್ತಕಗಳಲ್ಲಿ ಬ್ಯಾಪ್ಟಿಸಂ, ಮದುವೆ, ಮಣ್ಣು ಮೂರೂ ಸಿಗುತ್ತವೆ. ಓದಿ ನನಗೆ ಹೊಟ್ಟೆಕಿಚ್ಚಾಯಿತು. ಆಮೇಲೆ ನೆನಪಾಯಿತು, ನಮಗೆ ಹೆಳವರಿದ್ದಾರಲ್ಲ!

ಎಲ್ಲರಿಗೂ ಹೆಳವರು ಅಷ್ಟು ಪರಿಚಯವಿರಲಿಕ್ಕಿಲ್ಲ. ಎತ್ತಿನ ಮೇಲೆ ಕೂತು, ಗಂಟೆ ಬಾರಿಸುತ್ತ ಊರೂರು ತಿರುಗಿ ಒಕ್ಕಲುಮನೆಗಳ ವಂಶಾವಳಿ ಹೇಳುವವರು. ಯಾವ ಮನೆ ಯಾರಿಗೆ ಎಂದು ಅವರವರಲ್ಲೇ ಪಾಲು. ನೀವು ನಿಮ್ಮ ಮುತ್ತಜ್ಜನ ಹೆಸರು ಮರೆತರೂ ಹೆಳವನ ಪುಸ್ತಕ ಮರೆಯುವುದಿಲ್ಲ. ನೀವು ಊರು ಬಿಟ್ಟರೂ ಅವನು ಹುಡುಕಿಕೊಂಡು ಬರುತ್ತಾನೆ. ಸಾಲ ಕೊಟ್ಟವರ ಹೊರತು ಇಷ್ಟು ನಿಷ್ಠೆಯಿಂದ ಬೆನ್ನು ಹತ್ತುವವರನ್ನು ನಾನು ಕಂಡಿಲ್ಲ.

ಆಳಂದ ತಾಲೂಕಿನ ನಮ್ಮ ಕಾಕಾನ ಮನೆಗೆ ಸುಗ್ಗಿ ಮುಗಿದ ಮೇಲೆ ಹೆಳವ ಬಂದಾಗ ಪುಣ್ಯಕ್ಕೆ ನಾನೂ ಅಲ್ಲಿದ್ದೆ. ಎತ್ತಿರಲಿಲ್ಲ, ಸೀಟು ಹರಿದ ಹಳೇ ಹೀರೋ ಹೋಂಡಾ. ಕಟ್ಟೆಯ ಮೇಲೆ ಕೂತು ಪುಸ್ತಕ ಬಿಚ್ಚಿ, ಕಣ್ಣು ಅರೆ ಮುಚ್ಚಿ ರಾಗವಾಗಿ ಶುರು ಮಾಡಿದ. ನನ್ನ ಮಗಳ ಹೆಸರಿನಿಂದ ಹಿಡಿದು ಹಿಂದೆ ಹಿಂದೆ ಹೋಗಿ ಮುತ್ತಜ್ಜನವರೆಗೆ ಬಂದ. ಅಲ್ಲಿ ನಿಂತು ಹೇಳಿದ:

‘ನೀವು ಗಾಣಗಾಪುರದವರು ಅಲ್ರೀ.’

ಕಾಕಾನ ಕೈಯಲ್ಲಿದ್ದ ಚಹಾ ಬಸಿ ತುಳುಕಿತು. ‘ಏನಂದಿ?’

‘ಗಾಣಗಾಪುರದ ಹತ್ತಿರದವರು. ಚೌಡಾಪುರದಿಂದ ಒಳಗ ಹೋಗಬೇಕು.’ ಒಂದು ಹಳ್ಳಿಯ ಹೆಸರು ಹೇಳಿದ. ಆ ಹೆಸರು ಇಲ್ಲಿ ಬರೆಯುವುದಿಲ್ಲ. ಯಾರೋ ಧಾರವಾಡದಿಂದ ಆಸ್ತಿ ಕೇಳಲು ಬರುತ್ತಿದ್ದಾರೆಂದು ಅಲ್ಲಿಯವರು ಗಾಬರಿಯಾಗುವುದು ಬೇಡ.

ಆಯಿತಲ್ಲ! ಸೊಲ್ಲಾಪುರದ ಗಿರಣಿಯಲ್ಲಿ ಆ ಹಳ್ಳಿಯ ಹೆಸರು ಹೇಳಿದ್ದರೆ ಯಾರಿಗೆ ತಿಳಿಯುತ್ತಿತ್ತು? ಗಾಣಗಾಪುರವಾದರೆ ದತ್ತನಿಂದಾಗಿ ಮಹಾರಾಷ್ಟ್ರಕ್ಕೆಲ್ಲ ಗೊತ್ತು. ಅಮೆರಿಕಕ್ಕೆ ಹೋದ ನಮ್ಮ ಹುಡುಗರು ಹಾವೇರಿಯವರಾದರೂ ‘ಬೆಂಗಳೂರು’ ಎಂದು ಹೇಳುವುದಿಲ್ಲವೇ? ಮುತ್ತಜ್ಜ ‘ಗಾಣಗಾಪುರದ ಹತ್ತಿರ’ ಎಂದೇ ಹೇಳಿದ್ದಾನು, ಬರೆಯುವವ ‘ಹತ್ತಿರ’ವನ್ನು ಬಿಟ್ಟಿದ್ದಾನು. ಈ ವಿಷಯದಲ್ಲಿ ರೈಲಿನವರು ನಮಗಿಂತ ಪ್ರಾಮಾಣಿಕರು. ಅವರ ಸ್ಟೇಶನ್ನೂ ಗಾಣಗಾಪುರದಲ್ಲಿಲ್ಲ, ಇಳಿದ ಮೇಲೆ ಇನ್ನೊಂದು ಬಸ್ಸು ಹಿಡಿಯಬೇಕು. ಅದಕ್ಕೇ ಹೆಸರಿನ ಪಕ್ಕ ಒಂದು ‘ರೋಡ್’ ಇಟ್ಟಿದ್ದಾರೆ. ನ್ಯಾಯವಾಗಿ ನಮ್ಮ ಅಡ್ಡಹೆಸರೂ ‘ಗಾಣಗಾಪುರ ರೋಡ್’ ಎಂದೇ ಇರಬೇಕಿತ್ತು.

ಹೆಳವ ಹಾಳೆ ತಿರುವಿದ. ‘ಅಲ್ಲಿದ್ದಾಗ ನಿಮ್ಮ ಅಡ್ಡಹೆಸರು ಬ್ಯಾರೇನೇ ಇತ್ತು. ನಿಮಗೆ ಏನಂತಿದ್ರು ಅಂದ್ರ...’

‘ಸಾಕು ಮುಚ್ಚೋ ಮಾರಾಯಾ!’ ಎಂದ ಕಾಕಾ. ಮನೆಯ ಮುಂದೆ ಕಲ್ಲಿನಲ್ಲಿ ಕೆತ್ತಿಸಿದ ಹೆಸರಿತ್ತು, ಮೊಮ್ಮಗಳ ಲಗ್ನಪತ್ರಿಕೆ ಹಿಂದಿನ ದಿನವಷ್ಟೇ ಅಚ್ಚಾಗಿ ಬಂದಿತ್ತು. ಹೆಳವನಿಗೆ ಒಂದು ಧೋತರ, ಐದು ನೂರು ರೂಪಾಯಿ, ಒಂದು ಚೀಲ ಜೋಳ ಕೊಟ್ಟು ಕೈ ಮುಗಿದ. ಪುಸ್ತಕ ಮುಚ್ಚಿತು. ನಾನಾದರೂ ಬೈಕಿನ ಹಿಂದೆ ಓಡಿಹೋಗಿ ಕೇಳಬೇಕಿತ್ತು. ಕಾಕಾನ ಮುಖ ನೋಡಿ ಸುಮ್ಮನೆ ಕೂತೆ.

ಅದಾದ ಮೇಲೆಯೇ ನಾನು ಗಾಣಗಾಪುರಕ್ಕೆ ಹೋದದ್ದು, ಎರವಲು ತಂದ ಹೆಸರನ್ನು ಒಡೆಯನಿಗೆ ತೋರಿಸಿ ಬರುವವನ ಹಾಗೆ. ನಿರ್ಗುಣ ಪಾದುಕೆಯ ದರ್ಶನಕ್ಕೆ ಸಾಲಿನಲ್ಲಿ ನಿಂತಾಗಲೂ ತಲೆಯಲ್ಲಿ ಅದೇ ಗುಂಗು. ಈ ಊರಿಗೆ ಹೆಸರು ತಂದ ನರಸಿಂಹ ಸರಸ್ವತಿಯವರೂ ಇಲ್ಲಿಯವರಲ್ಲ. ವಿದರ್ಭದ ಕಾರಂಜಾದವರು, ಪೂರ್ವಾಶ್ರಮದಲ್ಲಿ ಕಾಳೆ ಮನೆತನದವರು. ಸಂನ್ಯಾಸ ಹಿಡಿದಾಗ ಕಾಳೆ ಹೋಯಿತು, ಆದರೆ ದಶನಾಮಿ ಪದ್ಧತಿಯಂತೆ ಗಿರಿ, ಪುರಿ, ಭಾರತಿ ಮುಂತಾದ ಹತ್ತರಲ್ಲಿ ‘ಸರಸ್ವತಿ’ ಬಂದು ಕೂತಿತು. ಮನೆ ಬಿಡಬಹುದು, ಹೆಂಡತಿ ಮಕ್ಕಳನ್ನು ಬಿಡಬಹುದು, ಅಡ್ಡಹೆಸರು ಬಿಡುವುದು ಸಂನ್ಯಾಸಿಗೂ ಪೂರ್ತಿ ಸಾಧ್ಯವಾಗಿಲ್ಲ.

ಅವರ ಚರಿತ್ರೆ ಬರೆದ ಸರಸ್ವತಿ ಗಂಗಾಧರನಂತೂ ನಮ್ಮ ಆಳಂದ ತಾಲೂಕಿನವನೇ. ಈಗ ಕೇಂದ್ರೀಯ ವಿಶ್ವವಿದ್ಯಾಲಯ ಇರುವ ಕಡಗಂಚಿ ಇದೆಯಲ್ಲ, ಅಲ್ಲಿಯ ಸಾಯಂದೇವನ ವಂಶ. ‘ಗುರುಚರಿತ್ರೆ’ ಮರಾಠಿ ಕೃತಿ. ಆದರೆ ತನಗೆ ಮರಾಠಿ ಬಾರದು ಎಂದು ಕವಿಯೇ ಅದರಲ್ಲಿ ಹೇಳಿಕೊಂಡಿದ್ದಾನೆ. ಬಾರದ ಭಾಷೆಯಲ್ಲಿ ಅಷ್ಟು ದೊಡ್ಡ ಗ್ರಂಥ ಬರೆದವನು ಗೋತ್ರದ ಜೊತೆ ಅಡ್ಡಹೆಸರು ಬರೆಯುವುದನ್ನು ಮರೆತಿಲ್ಲ: ಸಾಖರೆ. ಅಂದರೆ ಸಕ್ಕರೆ. ಧಾರವಾಡದ ಬೆಲ್ಲದ, ಹುಬ್ಬಳ್ಳಿಯ ಮೆಣಸಿನಕಾಯಿ, ಕಡಗಂಚಿಯ ಸಾಖರೆ. ನಮ್ಮ ಅಡ್ಡಹೆಸರುಗಳನ್ನು ಸರಿಯಾಗಿ ಜೋಡಿಸಿದರೆ ಒಂದು ತಿಂಗಳ ಕಿರಾಣಿ ಆಗುತ್ತದೆ. ಆ ಅಡ್ಡಹೆಸರಿಗೆ ಏನಿಲ್ಲವೆಂದರೂ ನಾಲ್ಕೈದು ನೂರು ವರ್ಷದ ಲಿಖಿತ ದಾಖಲೆ ಇದೆ. ನಮ್ಮದಕ್ಕೆ ಗಿರಣಿಯ ಹಾಜರಿ ಪುಸ್ತಕ, ಅದನ್ನೂ ಗೆದ್ದಲು ತಿಂದಿರಬೇಕು.

ಮಧ್ಯಾಹ್ನ ದತ್ತನೇ ಭಿಕ್ಷೆಗೆ ಬರುತ್ತಾನೆ ಎಂಬ ನಂಬಿಕೆ ಈ ಊರಿನದು. ಬಂದವರು ಐದು ಮನೆಯಾದರೂ ಮಧುಕರಿ ಬೇಡಬೇಕು. ನಾನೂ ಜೋಳಿಗೆ ಹಿಡಿದು ಹೊರಟೆ. ಮೂರನೆಯ ಮನೆಯ ಮುದುಕಿ ರೊಟ್ಟಿಯ ಮೇಲೆ ಒಂದಿಷ್ಟು ಪುಂಡಿಪಲ್ಯ ಇಟ್ಟು, ‘ಯಾವೂರಪಾ ನಿಂದು?’ ಅಂದಳು. ಎಪ್ಪತ್ತರ ಮೇಲಿನವಳು, ಏಕವಚನ ಹಿತವಾಗಿತ್ತು. ಧಾರವಾಡ ಎನ್ನಲು ಹೊರಟ ಬಾಯಿ ‘ಇಲ್ಲೇ ಹತ್ತಿರದಾಂವಬೇ’ ಎಂದಿತು. ‘ಹಂಗಾದ್ರ ಇನ್ನೊಂದು ರೊಟ್ಟಿ ತಗೋ’ ಎಂದು ಒಳಗೆ ಹೋದಳು.

ಈಗ ನನ್ನದೊಂದು ವಿನಂತಿ. ಆಳಂದ, ಅಫಜಲಪುರ, ಜೇವರ್ಗಿ ಕಡೆಯ ಓದುಗರು ಯಾರಾದರೂ ಹಳೇ ಹೀರೋ ಹೋಂಡಾದ ಮೇಲೆ ಕೆಂಪು ಬಟ್ಟೆಯಲ್ಲಿ ಸುತ್ತಿದ ಪುಸ್ತಕ ಇಟ್ಟುಕೊಂಡು ತಿರುಗುವ ಹೆಳವನನ್ನು ಕಂಡರೆ, ಊಟಕ್ಕೆ ಹಾಕಿ ಕೂಡಿಸಿರಿ. ಚೌಡಾಪುರದ ಒಳಗಿನ ಹಳ್ಳಿಯಿಂದ ಸೊಲ್ಲಾಪುರಕ್ಕೆ ಹೋದವನ ಹಾಳೆ ಯಾವುದು ಎಂದು ಕೇಳಿರಿ. ನಮ್ಮ ಕಾಕಾನಿಗೆ ಹೇಳಬೇಡಿ. ಧೋತರ, ಜೋಳದ ಖರ್ಚು ನಾನು ಕೊಡುತ್ತೇನೆ.