ಬಿಟ್ಟ ಮೀನು ಹೋಗುವುದೆಲ್ಲಿಗೆ?

ಹಿಡಿದ ಮೀನನ್ನು ಮರಳಿ ನೀರಿಗೆ ಬಿಡುವುದಕ್ಕಾಗಿಯೇ ಹಣ ತೆತ್ತು ದೋಣಿ ಏರುವವರಿದ್ದಾರೆ ಎಂದರೆ ನಮ್ಮ ಕರಾವಳಿಯ ಮೀನುಗಾರರು ನಂಬುವುದು ಕಷ್ಟ. ಬಲೆ ಬೀಸುವುದು ಮನೆಯ ಒಲೆ ಉರಿಯಲೆಂದು. ಕಡಲು ಕೊಡುತ್ತದೆ, ನಾವು ಪಡೆಯುತ್ತೇವೆ. ಕಡಲತೀರದ ಊರೊಂದರಲ್ಲಿ ಬೆಳೆದ ನನಗೂ ಗೊತ್ತಿದ್ದುದು ಇದೇ ಲೆಕ್ಕ. ಬಿಡುವುದಕ್ಕಾದರೆ ಹಿಡಿಯುವುದೇಕೆ ಎಂಬ ಪ್ರಶ್ನೆ ಆದ್ದರಿಂದಲೇ ನನ್ನನ್ನು ಬಹುಕಾಲ ಕಾಡಿದೆ. ಅದನ್ನು ನಿಮ್ಮ ಮುಂದೆಯೂ ಇಡಬೇಕೆನಿಸಿದೆ.

2023ರ ಬೇಸಿಗೆಯಲ್ಲಿ ಅಮೆರಿಕದ ಫ್ಲೋರಿಡಾ ರಾಜ್ಯದ ಪೂರ್ವ ತೀರದ ಧರ್ಮಕೇಂದ್ರವೊಂದರಲ್ಲಿ, ರಜೆಯ ಮೇಲಿದ್ದ ಗುರುಗಳ ಬದಲಿಗೆ ಎರಡು ತಿಂಗಳು ಸೇವೆ ಸಲ್ಲಿಸುವ ಅವಕಾಶ ನನಗೆ ದೊರೆಯಿತು. ಅಲ್ಲಿನ ವಿಶ್ವಾಸಿಯೊಬ್ಬರು ಒಂದು ಮುಂಜಾನೆ ನನ್ನನ್ನು 'ಇಂಡಿಯನ್ ರಿವರ್ ಲಗೂನ್' ಎಂಬಲ್ಲಿಗೆ ಕರೆದೊಯ್ದರು. ಹೆಸರಿನಲ್ಲಿ ನದಿಯಿದ್ದರೂ ಅದು ನದಿಯಲ್ಲ. ನೆಲಕ್ಕೂ ಸಾಗರಕ್ಕೂ ನಡುವೆ, ಮರಳಿನ ದ್ವೀಪಗಳ ಮರೆಯಲ್ಲಿ ಸುಮಾರು 250 ಕಿಲೋಮೀಟರ್ ಉದ್ದಕ್ಕೆ ಚಾಚಿಕೊಂಡಿರುವ ಉಪ್ಪುನೀರಿನ ಹಿನ್ನೀರು. ಅದರ ಸರಾಸರಿ ಆಳ ಕೇವಲ 4 ಅಡಿ. ಗಾಳದ ಮೀನುಗಾರಿಕೆಗೆಂದು ಅಲ್ಲಿ ದೋಣಿಗಳು ಅರ್ಧ ದಿನದ ಲೆಕ್ಕದಲ್ಲಿ ಬಾಡಿಗೆಗೆ ದೊರೆಯುತ್ತವೆ. ಪರವಾನಗಿ ಪಡೆದ ನಾವಿಕರೇ ಜೊತೆಗೆ ಬಂದು ದಾರಿ ತೋರಿಸುತ್ತಾರೆ.

ನಮ್ಮ ನಾವಿಕರು ಸುಮಾರು ಅರವತ್ತರ ಪ್ರಾಯದವರು. ತೆಳುನೀರು ಬಂದೊಡನೆ ಅವರು ಯಂತ್ರವನ್ನು ನಿಲ್ಲಿಸಿ, ಉದ್ದನೆಯ ಗಳವನ್ನು ತಳಕ್ಕೆ ಊರಿ ಚಪ್ಪಟೆ ತಳದ ದೋಣಿಯನ್ನು ಸದ್ದಿಲ್ಲದೆ ಮುಂದೂಡಿದರು. ಅವರು ಹುಡುಕುತ್ತಿದ್ದುದು ರೆಡ್‌ಫಿಶ್ ಎಂಬ ಮೀನನ್ನು. ತಾಮ್ರದ ಮೈಬಣ್ಣ, ಬಾಲದ ಬುಡದಲ್ಲಿ ಒಂದು ಕಪ್ಪು ಬೊಟ್ಟು. ತಲೆ ತಗ್ಗಿಸಿ ತಳದ ಏಡಿಗಳನ್ನು ಮೇಯುವಾಗ ಅದರ ಬಾಲ ನೀರಿನಿಂದ ಮೇಲೆದ್ದು ಬಿಸಿಲಿಗೆ ಮಿನುಗುತ್ತದೆ. ಅಡ್ಡಿಯಿಲ್ಲದಿದ್ದರೆ ಈ ಮೀನು ನಲವತ್ತು ವರ್ಷ ಬಾಳಬಲ್ಲದು.

ನನ್ನ ಮಿತ್ರರ ಗಾಳಕ್ಕೆ ಮೀನೊಂದು ಸಿಕ್ಕಿತು. ಅಲ್ಲಿಂದ ಮುಂದೆ ನಾನು ಕಂಡದ್ದು ಒಂದು ಶಿಸ್ತನ್ನು. ನಾವಿಕರು ಬಳಸಿದ ಕೊಕ್ಕೆಯ ತುದಿ ವೃತ್ತದಂತೆ ಒಳಕ್ಕೆ ಬಾಗಿತ್ತು. ಅಂಥ ಕೊಕ್ಕೆ ಹೊಟ್ಟೆಯೊಳಗೆ ಇಳಿಯದೆ ಬಾಯಿಯ ಅಂಚಿಗೆ ಸಿಕ್ಕಿಕೊಳ್ಳುವ ಸಂಭವವೇ ಹೆಚ್ಚು. ದಾರವೂ ಗಟ್ಟಿಯದು. ದಾರ ತೆಳುವಾದಷ್ಟೂ ಸೆಣಸಾಟ ದೀರ್ಘವಾಗಿ ಮೀನು ಬಸವಳಿಯುತ್ತದೆ. ಬಿಸಿಯೇರಿದ ನೀರಿನಲ್ಲಿ ಆಮ್ಲಜನಕ ಕಡಿಮೆಯಿರುವುದರಿಂದ ಬಸವಳಿದ ಮೀನು ಬೇಸಿಗೆಯಲ್ಲಿ ಚೇತರಿಸಿಕೊಳ್ಳುವುದು ಇನ್ನೂ ಕಷ್ಟ. ನಾವಿಕರು ಕೈಗಳನ್ನು ಮೊದಲು ಒದ್ದೆ ಮಾಡಿಕೊಂಡರು. ಮೀನಿನ ಮೈಮೇಲಿನ ಲೋಳೆ ಅದಕ್ಕೆ ರೋಗ ತಗುಲದಂತೆ ಕಾಯುವ ಕವಚ. ಒಣಗೈ ಅದನ್ನು ಕಿತ್ತುಬಿಡುತ್ತದೆ. ಮೀನನ್ನು ನೀರಿನಲ್ಲೇ ಇರಿಸಿ ಕೊಕ್ಕೆ ಬಿಡಿಸಿದರು. ಬಳಿಕ ಅದನ್ನು ನೆಟ್ಟಗೆ ಹಿಡಿದು, ಕಿವಿರುಗಳು ಆಡುವವರೆಗೂ ಕಾದು, ಅದು ತಾನಾಗಿಯೇ ಬಾಲ ಬೀಸಿದಾಗ ಕೈ ಸಡಿಲಿಸಿದರು. ಆಮೇಲೂ ಸ್ವಲ್ಪ ಹೊತ್ತು ಸುತ್ತಲಿನ ನೀರನ್ನು ನೋಡುತ್ತಿದ್ದರು. ದಣಿದ ಮೀನಿಗಾಗಿ ಡಾಲ್ಫಿನ್‌ಗಳು ಹೊಂಚುಹಾಕುವುದುಂಟಂತೆ.

ಎಸೆದುಬಿಡುವುದು ಬೇರೆ, ಬಾಳಗೊಡುವುದು ಬೇರೆ ಎಂಬುದು ಅಲ್ಲಿ ನನಗೆ ಮೊದಲ ಬಾರಿಗೆ ಮನದಟ್ಟಾಯಿತು. ಕರುಣೆಗೆ ಒಳ್ಳೆಯ ಮನಸ್ಸೊಂದೇ ಸಾಲದು, ತಿಳಿವಳಿಕೆಯೂ ಬೇಕು.

ಇದು ಒಬ್ಬ ನಾವಿಕರ ಸದ್ಗುಣವಷ್ಟೇ ಅಲ್ಲ. ಇದರ ಹಿಂದೆ ಕಾನೂನೂ ಇದೆ. 1980ರ ದಶಕದಲ್ಲಿ ನ್ಯೂ ಆರ್ಲಿಯನ್ಸ್ ನಗರದ ಪಾಲ್ ಪ್ರುಡಾಮ್ ಎಂಬ ಬಾಣಸಿಗರು ಮಸಾಲೆ ಸವರಿ ಕಪ್ಪಗಾಗುವಂತೆ ಬೇಯಿಸಿದ ರೆಡ್‌ಫಿಶ್ ದೇಶದಾದ್ಯಂತ ಹೆಸರಾಯಿತು. ಬೇಡಿಕೆ ಏರಿತು, ಮೀನಿನ ಸಂತತಿ ಕುಸಿಯಿತು. 1989ರಲ್ಲಿ ಫ್ಲೋರಿಡಾ ಒಂದು ಮಿತಿ ಹಾಕಿತು: 18 ಇಂಚಿಗಿಂತ ಚಿಕ್ಕದನ್ನೂ 27 ಇಂಚಿಗಿಂತ ದೊಡ್ಡದನ್ನೂ ಮನೆಗೆ ಒಯ್ಯುವಂತಿಲ್ಲ. ಚಿಕ್ಕವು ಬೆಳೆಯಬೇಕಾದವು, ದೊಡ್ಡವು ಸಂತತಿ ಬೆಳೆಸುವಂಥವು. 2022ರ ಸೆಪ್ಟೆಂಬರ್ 1ರಂದು ಇನ್ನೂ ಕಟ್ಟುನಿಟ್ಟಾದ ನಿಯಮ ಜಾರಿಗೆ ಬಂದು, ನಾನು ಹೋಗಿದ್ದ ಹಿನ್ನೀರಿನಲ್ಲಿ ಸಿಕ್ಕ ಪ್ರತಿಯೊಂದು ರೆಡ್‌ಫಿಶನ್ನೂ ಬಿಡಲೇಬೇಕಾಯಿತು.

ಇದನ್ನು ಕೇಳಿದಾಗ ನನಗೆ ಬೈಬಲಿನ ಧರ್ಮೋಪದೇಶಕಾಂಡದ ಪುಟ್ಟ ಕಟ್ಟಳೆಯೊಂದು ನೆನಪಾಯಿತು. ದಾರಿಯಲ್ಲಿ ಹಕ್ಕಿಯ ಗೂಡು ಕಂಡರೆ ಮರಿಗಳೊಡನೆ ತಾಯಿಯನ್ನೂ ಹಿಡಿಯಬಾರದು, ತಾಯಿಯನ್ನು ಹಾರಲು ಬಿಡಬೇಕು ಎಂಬುದು ಅದರ ತಾತ್ಪರ್ಯ. ಗುರುಮಠದಲ್ಲಿ ಓದುವಾಗ ನಾವು ಅದನ್ನು ಬೇಗನೆ ದಾಟಿ ಮುಂದೆ ಹೋಗಿದ್ದೆವು. ಪಡೆಯುವ ಹಕ್ಕನ್ನು ಆ ಕಟ್ಟಳೆ ನಿರಾಕರಿಸುವುದಿಲ್ಲ; ಮೂಲವನ್ನೇ ಬರಿದುಮಾಡುವ ಹಕ್ಕನ್ನು ಮಾತ್ರ ಕೊಡುವುದಿಲ್ಲ.

ಆದರೂ ಓದುಗರೇ, ಎರಡು ಮುಳ್ಳುಗಳು ಮನಸ್ಸಿನಲ್ಲಿ ಉಳಿದೇ ಇವೆ. ಮೊದಲನೆಯದು ನೋವು. 2003ರಲ್ಲಿ ಬ್ರಿಟನ್ನಿನ ವಿಜ್ಞಾನಿಗಳು ಟ್ರೌಟ್ ಮೀನಿನ ತಲೆಯ ಭಾಗದಲ್ಲಿ ಗಾಯವನ್ನು ಗ್ರಹಿಸುವ ನರತಂತುಗಳಿವೆಯೆಂದು ತೋರಿಸಿಕೊಟ್ಟರು. ಬಿಡುವ ಉದ್ದೇಶದಿಂದಲೇ ಮೀನು ಹಿಡಿಯುವುದನ್ನು ಸ್ವಿಟ್ಜರ್ಲೆಂಡ್ ನಿಷೇಧಿಸಿದೆ. ಹಸಿವಿಲ್ಲದವನು ಬರಿಯ ಆನಂದಕ್ಕಾಗಿ ಮತ್ತೊಂದು ಜೀವವನ್ನು ನೋಯಿಸಬಹುದೇ? ನಾವಿಕರಲ್ಲಿ ಇದನ್ನೇ ಕೇಳಿದೆ. "ಫಾದರ್, ಈ ಮೀನನ್ನು ಹುಡುಕಿಕೊಂಡು ಬರುವವರು ಇಲ್ಲವಾದರೆ, ಈ ನೀರಿಗಾಗಿ ದನಿ ಎತ್ತುವವರೂ ಇಲ್ಲವಾಗುತ್ತಾರೆ" ಎಂದರು. ಮಾತು ನಿಜ. ಆದರೆ ಪ್ರಶ್ನೆ ಅದರಿಂದ ತೀರಿತೆಂದು ನನಗನ್ನಿಸಲಿಲ್ಲ.

ಎರಡನೆಯದು ನ್ಯಾಯ. 1994ರ ನವೆಂಬರಿನಲ್ಲಿ ಫ್ಲೋರಿಡಾದ ಮತದಾರರು ತೀರದ ನೀರಿನಲ್ಲಿ ಮೀನನ್ನು ಸಿಕ್ಕಿಸಿ ಹಿಡಿಯುವ ಬಲೆಗಳನ್ನು ರಾಜ್ಯದ ಸಂವಿಧಾನದ ಮೂಲಕವೇ ನಿಷೇಧಿಸಿದರು. 1995ರ ಜುಲೈ 1ರಿಂದ ಅದು ಜಾರಿಗೆ ಬಂತು. ಮೀನಿಗೆ ಒಳಿತಾಯಿತೆಂದು ಹಲವರು ಹೇಳುತ್ತಾರೆ. ಆದರೆ ತಲೆಮಾರುಗಳಿಂದ ಬಲೆಯನ್ನೇ ನಂಬಿದ್ದ ಕುಟುಂಬಗಳು ಕಸುಬು ಕಳೆದುಕೊಂಡವು. ಸರ್ಕಾರ ಬಲೆಗಳನ್ನೇನೋ ಹಣ ಕೊಟ್ಟು ಕೊಂಡುಕೊಂಡಿತು. ಅಜ್ಜನಿಂದ ಮೊಮ್ಮಗನಿಗೆ ಬಂದ ವಿದ್ಯೆಗೆ ಬೆಲೆ ಕಟ್ಟುವವರು ಯಾರು? ಉಳ್ಳವರ ಗಾಳ ಉಳಿದು, ದುಡಿಯುವವರ ಬಲೆ ಹೋಯಿತೆಂಬ ಅವರ ಕೊರಗನ್ನು ನಾವು ಕೇಳಿಸಿಕೊಳ್ಳಬೇಕು. ಸೃಷ್ಟಿಯನ್ನು ಉಳಿಸುವ ಭಾರ ಬಡವರ ಹೆಗಲಿಗೇ ಬೀಳಬಾರದು.

ಇವೆರಡಕ್ಕಿಂತಲೂ ಆಳವಾಗಿ ನನ್ನನ್ನು ತಟ್ಟಿದ್ದು ಮರಳುವ ದಾರಿಯಲ್ಲಿ ನಾವಿಕರು ತೋರಿಸಿದ ನೋಟ. "ನಾನು ಹುಡುಗನಾಗಿದ್ದಾಗ ಇಲ್ಲಿನ ಹುಲ್ಲು ದೋಣಿಯ ಯಂತ್ರಕ್ಕೆ ಸುತ್ತಿಕೊಳ್ಳುತ್ತಿತ್ತು, ಈಗ ನೋಡಿ" ಎಂದರು. ಬಗ್ಗಿ ನೋಡಿದೆ. ಬರಿಯ ಮರಳು. ಆ ಕಡಲಹುಲ್ಲು ಮರಿಮೀನುಗಳ ತೊಟ್ಟಿಲು, ಏಡಿ ಸೀಗಡಿಗಳ ಮನೆ. ಹೊಲ ಹಿತ್ತಲುಗಳ ರಸಗೊಬ್ಬರವೂ ಊರುಗಳ ಕೊಳಚೆಯೂ ಹರಿದು ಬಂದು, 2011ರಲ್ಲಿ ಪಾಚಿ ಹಿಂದೆಂದೂ ಕಾಣದಷ್ಟು ಹಬ್ಬಿ ಸೂರ್ಯನ ಬೆಳಕನ್ನು ತಡೆಯಿತು. ಹುಲ್ಲು ಸತ್ತಿತು. ಆ ಹುಲ್ಲನ್ನೇ ಮೇಯುವ ಮನಾಟಿ ಎಂಬ ಸಾಧು ಜಲಚರಗಳು ಹಸಿವಿನಿಂದ ಸಾಯತೊಡಗಿದವು. 2021ರಲ್ಲಿ ಫ್ಲೋರಿಡಾದಲ್ಲಿ ಒಟ್ಟು ಸುಮಾರು 1,100 ಮನಾಟಿಗಳು ಸತ್ತವು.

ಮೀನನ್ನು ಅಷ್ಟು ಜತನದಿಂದ ಬಿಟ್ಟೆವಲ್ಲ, ಅದು ಹೋದದ್ದಾದರೂ ಎಲ್ಲಿಗೆ? ದೋಣಿಯಲ್ಲಿ ಒದ್ದೆಗೈಯಿಂದ ಹಿಡಿದವರೇ ಮನೆಯಂಗಳದ ಹುಲ್ಲುಹಾಸಿಗೆ ಗೊಬ್ಬರ ಸುರಿದರೆ ಆ ಮೀನಿಗೆ ಸಿಕ್ಕ ಬಿಡುಗಡೆ ಎಂಥದು? ದಿವಂಗತ ಪೋಪ್ ಫ್ರಾನ್ಸಿಸ್‌ರವರು 2015ರ ತಮ್ಮ 'ಲೌದಾತೊ ಸಿ' ವಿಶ್ವಪರಿಪತ್ರದಲ್ಲಿ ಭೂಮಿಯನ್ನು ನಮ್ಮೆಲ್ಲರ ಸಾಮಾನ್ಯ ಮನೆಯೆಂದು ಕರೆದರು. ಮನೆಯೇ ಹಾಳಾದ ಮೇಲೆ ಸೆರೆಗೂ ಬಿಡುಗಡೆಗೂ ಅಂತರ ಉಳಿಯದು.

ನಮ್ಮ ಕರಾವಳಿಯ ಮಾತೂ ಇದಕ್ಕೆ ಹೊರತಲ್ಲ. ಮೀನು ಮರಿಯಿಡುವ ಕಾಲವೆಂದು ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ದೋಣಿಗಳು ದಡದಲ್ಲಿ ನಿಲ್ಲುತ್ತವೆ. ಅದೂ ಒಂದು ಬಿಡುವಿಕೆಯೇ, ಮೀನುಗಾರರು ಪ್ರತಿ ಮಳೆಗಾಲ ತಮ್ಮ ಹೊಟ್ಟೆ ಕಟ್ಟಿಕೊಂಡು ಮಾಡುವ ವ್ರತ. ಆದರೆ ಬಲೆಗೆ ಬಿದ್ದ ಮರಿಮೀನುಗಳು ಮೀನುಹಿಟ್ಟಿನ ಕಾರ್ಖಾನೆಗೆ ಹೋಗುತ್ತಿರುವಾಗ, ಪೇಟೆಗಳ ಕೊಳಚೆ ಅಳಿವೆಗಳಿಗೆ ಇಳಿಯುತ್ತಿರುವಾಗ, ಆ ವ್ರತದ ಫಲವನ್ನು ದಡದ ಮೇಲಿರುವ ನಾವೇ ಕಸಿದುಕೊಳ್ಳುತ್ತಿಲ್ಲವೇ?

ಓದುಗರೇ, ನಿಮ್ಮಲ್ಲಿ ಗಾಳ ಹಿಡಿಯುವವರು ಕೆಲವರಿರಬಹುದು. ನೀರನ್ನು ಬಳಸಿ ಹೊರಚೆಲ್ಲುವವರಂತೂ ನಾವೆಲ್ಲರೂ. ನಮ್ಮ ಬಚ್ಚಲಿನ ನೀರು ಯಾವ ತೋಡಿಗೆ ಸೇರುತ್ತದೆ, ಆ ತೋಡು ಯಾವ ಹೊಳೆಗೆ, ಆ ಹೊಳೆ ಯಾವ ಅಳಿವೆಗೆ? ಈ ಭಾನುವಾರ ಮಕ್ಕಳ ಕೈಹಿಡಿದು ಅದರ ಜಾಡಿನಲ್ಲಿ ಸ್ವಲ್ಪ ದೂರ ನಡೆದು ನೋಡಿ. ಮೀನಿಗೆ ನಾವು ಉಳಿಸಿಟ್ಟ ಮನೆ ಎಂಥದೆಂಬುದು ಅಲ್ಲಿ ಕಂಡೀತು.