ಒಡಲೊಳಗಿನ ಕುದ್ರುಗಳು

ಸಕ್ಕರೆ ಕಾಯಿಲೆಯವನಿಗೆ ಹೋಳಿಗೆ ವರ್ಜ್ಯವೇ ಹೊರತು ಬ್ರಾಂಡಿಯಲ್ಲ ಎಂಬುದು ನನ್ನ ಸೋದರಮಾವನವರ ವಾದವಾಗಿತ್ತು. "ಅದರಲ್ಲಿ ಸಿಹಿ ಎಲ್ಲುಂಟು ಮಾರಾಯ?" ಎಂದು ಕೇಳುತ್ತಿದ್ದರು. ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವ ನನಗೆ ಉತ್ತರ ತಿಳಿದಿರಲಿಲ್ಲ; ತಿಳಿದವನಂತೆ ನಕ್ಕು ಸುಮ್ಮನಾಗುತ್ತಿದ್ದೆ.

ಕದ್ರಿಯ ನಮ್ಮ ಮನೆಯಲ್ಲಿ ತಂಗಿಯ ಮದುವೆಯ ಗಡಿಬಿಡಿ. ಆ ರಾತ್ರಿ ಮಾವ ಎಂದಿನಂತೆ ಇನ್ಸುಲಿನ್ ಚುಚ್ಚಿಕೊಂಡರು. ಗೆಳೆಯರು ಕರೆದರೆಂದು ಹಿತ್ತಿಲಿಗೆ ಹೋದವರು ಊಟಕ್ಕೆ ಬರಲೇ ಇಲ್ಲ. ಬೆಳಗಿನ ಜಾವ ನೋಡುವಾಗ ಮಾತು ತೊದಲುತ್ತಿದೆ, ಕೈ ನಡುಗುತ್ತಿದೆ, ಕಾರಣವಿಲ್ಲದ ಸಿಡುಕು. ಬಾಯಲ್ಲಿ ವಾಸನೆ ಬೇರೆ. "ಇನ್ನೂ ಇಳಿದಿಲ್ಲ, ಮಲಗಲಿ ಬಿಡಿ" ಎಂದವನು ನಾನೇ. ಅತ್ತೆ ಒಪ್ಪಲಿಲ್ಲ. ಹಣೆ ಮುಟ್ಟಿ, "ಅಮಲಲ್ಲ ಇದು, ತಣ್ಣಗೆ ಬೆವರಿದ್ದಾರೆ" ಎಂದವರೇ ಅಡಿಗೆಮನೆಗೆ ಓಡಿ, ಸಕ್ಕರೆ ಕದಡಿದ ನೀರನ್ನು ತಂದು ಗುಟುಕು ಗುಟುಕಾಗಿ ಕುಡಿಸಿದರು. ಕಾಲು ಗಂಟೆಯ ಮೇಲೆ ಮಾವ ನನ್ನನ್ನು ಹೆಸರು ಹಿಡಿದು ಕರೆದರು.

ಉತ್ತರ ವೈದ್ಯರಿಂದ ದೊರೆಯಿತು. ಉಪವಾಸದ ವೇಳೆ ರಕ್ತಕ್ಕೆ ಸಕ್ಕರೆ ಒದಗಿಸುವುದು ಯಕೃತ್ತು. ಮದ್ಯ ಒಳಹೊಕ್ಕರೆ ಅದನ್ನು ಕಳೆಯುವ ಕೆಲಸದಲ್ಲಿ ಯಕೃತ್ತಿನ ಹೊಸ ಸಕ್ಕರೆಯ ತಯಾರಿ ಕುಂಠಿತವಾಗುತ್ತದೆ. ಇತ್ತ ಚುಚ್ಚಿದ ಇನ್ಸುಲಿನ್ ಇದ್ದ ಸಕ್ಕರೆಯನ್ನೂ ಇಳಿಸುತ್ತಿರುತ್ತದೆ. ಕುಡಿದು ಹಲವು ಗಂಟೆಗಳಾದ ಮೇಲೆ, ನಿದ್ದೆಯಲ್ಲಿಯೂ, ಈ ಅಪಾಯ ಬರಬಹುದು. ನೋಡುವವರಿಗೆ ಅದು ಅಮಲಿನಂತೆಯೇ ಕಾಣುತ್ತದೆ. ಎಚ್ಚರ ತಪ್ಪಿದ್ದರೆ ಮಾತ್ರ ಬಾಯಿಗೆ ಏನನ್ನೂ ಹಾಕದೆ ನೇರವಾಗಿ ಆಸ್ಪತ್ರೆಗೆ ತರಬೇಕಿತ್ತು ಎಂದರು.

ಭಾಷೆಯ ಮೇಷ್ಟ್ರ ಚಪಲ: ಇನ್ಸುಲಿನ್ ಎಂಬ ಶಬ್ದದ ಮೂಲವನ್ನು ಹುಡುಕಿದೆ. ಲ್ಯಾಟಿನ್ ಭಾಷೆಯಲ್ಲಿ 'ಇನ್ಸುಲಾ' ಎಂದರೆ ದ್ವೀಪ. ಮೇದೋಜೀರಕ ಗ್ರಂಥಿಯಲ್ಲಿ, ನಮ್ಮ ನೇತ್ರಾವತಿಯ ನಡುವಣ ಕುದ್ರುಗಳಂತೆ ಚದುರಿರುವ ಜೀವಕೋಶಗಳ ಗುಂಪುಗಳನ್ನು 1869ರಲ್ಲಿ ಲ್ಯಾಂಗರ್‌ಹಾನ್ಸ್ ಗುರುತಿಸಿದನು. ಅಲ್ಲಿ ಹುಟ್ಟುವ ಸ್ರಾವವನ್ನು 1921ರಲ್ಲಿ ಟೊರಾಂಟೊದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಬೇರ್ಪಡಿಸಿದರು. ವರ್ಷಗಟ್ಟಲೆ ಮಿತಿಮೀರಿ ಕುಡಿದವರಲ್ಲಿ ಗ್ರಂಥಿಗೆ ಉರಿಯೂತ ತಗಲಿ ಈ ಕುದ್ರುಗಳೇ ನಾಶವಾಗುವುದುಂಟು. ಮೊದಲು ಸಕ್ಕರೆ ಕಾಯಿಲೆ ಇಲ್ಲದವರಿಗೂ ಆಗ ಅದು ಅಂಟಿಕೊಳ್ಳುತ್ತದೆ. ಮಿತವಾಗಿ ಕುಡಿದರೆ ಮಧುಮೇಹ ದೂರವೆಂದು ಹೇಳುವ ಮಿತ್ರರೂ ನನಗಿದ್ದಾರೆ. 38 ಅಧ್ಯಯನಗಳನ್ನು ಕೂಡಿಸಿ 2015ರಲ್ಲಿ ನಡೆದ ಪರಿಶೀಲನೆಯಲ್ಲಿ ಆ ಲಾಭ ಏಷ್ಯಾದ ಜನರಲ್ಲಿ ಕಂಡುಬರಲಿಲ್ಲವೆಂಬುದನ್ನು ಅವರು ಓದಿಲ್ಲ.

ಮಾವ ಈಗ ಆ ಪ್ರಶ್ನೆ ಕೇಳುವುದಿಲ್ಲ. ಮದುವೆಮನೆಗಳಲ್ಲಿ ಅವರು ಹಿತ್ತಿಲ ಕಡೆ ತಿರುಗಿದರೆ ಅತ್ತೆ ಮಾತಾಡದೆ ಕೈಚೀಲವನ್ನು ತೆರೆದು, ಗ್ಲೂಕೋಸಿನ ಪೊಟ್ಟಣ ಇದೆಯೇ ಎಂದು ನೋಡಿಕೊಳ್ಳುತ್ತಾರೆ.