ಹೊಗೆ ಹೋಗುವ ದಾರಿ

ಹಿತ್ತಿಲಲ್ಲಿ ಒಂದು ಹೊರ ಅಡುಗೆಮನೆ ಕಟ್ಟಿಸಬೇಕು, ಅದರ ಕಟ್ಟೆಯೊಳಗೇ ಒಂದು ಗ್ರಿಲ್ ಕೂರಿಸಬೇಕು ಎಂಬ ಮಾತನ್ನು ನಮ್ಮ ಮನೆಯಲ್ಲಿ ಮೊದಲು ಎತ್ತಿದವನು ದೊಡ್ಡಣ್ಣ. ಇಪ್ಪತ್ತೆರಡು ವರ್ಷ ಗಲ್ಫಿನಲ್ಲಿ ದುಡಿದು ಊರಿಗೆ ಮರಳಿದವನು ಅವನು. ರಜೆಯ ಸಂಜೆಗಳಲ್ಲಿ ಅಲ್ಲಿನ ಕಡಲ ಬದಿಯ ಪಾರ್ಕುಗಳಲ್ಲಿ ಕುಟುಂಬಗಳು ಚಾಪೆ ಹಾಸಿ ಕೂರುತ್ತಿದ್ದವಂತೆ. ಗಂಡಸರು ಇದ್ದಿಲಿಗೆ ಗಾಳಿ ಬೀಸಿ ಮಾಂಸ ಸುಡುತ್ತಿದ್ದರಂತೆ, ಹೆಂಗಸರು ಕಾಲು ಚಾಚಿ ಕೂತು ಹರಟುತ್ತಿದ್ದರಂತೆ. ಕ್ಯಾಂಪಿನ ಕೋಣೆಯಲ್ಲಿ ಆರು ಜನರ ಜತೆ ಮಲಗುತ್ತಿದ್ದ ಅಣ್ಣ ಅದನ್ನು ದೂರದಿಂದ ನೋಡಿದವನು. ನಮ್ಮ ಮನೆಯವರೂ ಒಂದು ದಿನ ಹಾಗೆ ಕೂರಬೇಕು ಎಂದು ಅವನಿಗೆ ಆಗಲೇ ಅನಿಸಿತ್ತಂತೆ. ಆ ಆಸೆಗೆ ಇಲ್ಲ ಎನ್ನುವುದು ನಮ್ಮಿಂದ ಆಗಲಿಲ್ಲ.

ಹಳೆಯ ಕ್ಯಾಲೆಂಡರಿನ ಹಾಳೆಯ ಹಿಂಬದಿಯಲ್ಲಿ ನಾವು ಅಣ್ಣತಮ್ಮಂದಿರು ನಕ್ಷೆ ಬರೆದೆವು. ಪೂರ್ವದ ಕಂಪೌಂಡ್ ಗೋಡೆಗೆ ತಾಗಿ ಹತ್ತು ಅಡಿ ಉದ್ದದ ಕಟ್ಟೆ, ನಡುವೆ ಗ್ರಿಲ್, ಬಲಕ್ಕೆ ಗ್ಯಾಸಿನ ಒಂದು ಒಲೆ, ಎಡಕ್ಕೆ ಪಾತ್ರೆ ತೊಳೆಯುವ ಜಾಗ. ನಲ್ಲಿ ಅಲ್ಲೇ ಇದ್ದುದರಿಂದ ಪೈಪಿನ ಖರ್ಚೂ ಉಳಿಯುತ್ತಿತ್ತು. ಎಲ್ಲ ಮುಗಿದ ಮೇಲೆ ಹಾಳೆಯನ್ನು ಉಮ್ಮನಿಗೆ ತೋರಿಸಿದೆವು. ಅವರು ಕನ್ನಡಕ ಹಾಕಿಕೊಂಡು ನೋಡಿ ಒಂದೇ ಮಾತು ಕೇಳಿದರು:

"ಹೊಗೆ ಎಲ್ಲಿಗೆ ಹೋಗುತ್ತದೆ?"

ನಾವು ನಕ್ಕೆವು. "ಹೊರಗೇ ಅಲ್ವಾ ಉಮ್ಮಾ, ಆಕಾಶಕ್ಕೆ ಹೋಗುತ್ತದೆ."

"ಆಕಾಶಕ್ಕೆ ಹೋಗುವ ಮೊದಲು ಎಲ್ಲಿಗೆ ಹೋಗುತ್ತದೆ?"

ಈ ಪ್ರಶ್ನೆ ಕೇಳುವ ಅಧಿಕಾರ ನಮ್ಮ ಮನೆಯಲ್ಲಿ ಉಮ್ಮನಿಗಿಂತ ಹೆಚ್ಚು ಯಾರಿಗೂ ಇರಲಿಲ್ಲ. ನಮ್ಮ ಹಳೆಯ ಮನೆ ಹಂಚಿನದು. ಕತ್ತಲೆಯ ಅಡುಗೆಕೋಣೆ, ನೆಲದ ಮೇಲೆ ಒಲೆ. ಆದರೂ ಹಂಚುಗಳ ಸಂದಿಯಿಂದ ಹೊಗೆ ಅಷ್ಟಿಷ್ಟು ಹೊರಗೆ ಹೋಗುತ್ತಿತ್ತು. ತೊಂಬತ್ತರ ದಶಕದಲ್ಲಿ ಗಲ್ಫಿನ ದುಡ್ಡು ಬಂತು, ಹಂಚು ಹೋಗಿ ಕಾಂಕ್ರೀಟಿನ ತಾರಸಿ ಬಂತು. ತಾರಸಿಗೆ ಸಂದಿ ಇಲ್ಲ. ಒಳಗೆ ಬಿಳಿ ಟೈಲ್ಸ್ ಹಾಕಿದ ಅಡುಗೆಮನೆಯಲ್ಲಿ ಸೌದೆ ಉರಿಸಿದರೆ ಮಸಿ ಹಿಡಿಯುತ್ತದೆ ಎಂದು ಒಲೆಯನ್ನು ಮನೆಯ ಹಿಂದಕ್ಕೆ ತಳ್ಳಿದೆವು. ಕರಾವಳಿಯ ಅನೇಕ ಮನೆಗಳಲ್ಲಿ ಇದೇ ಕತೆ. ಮುಂದೆ ನೆಂಟರಿಗೆ ತೋರಿಸುವ ಅಡುಗೆಮನೆ, ಹಿಂದೆ ನಿಜವಾಗಿ ಅಡುಗೆ ನಡೆಯುವ ತಗಡಿನ ಮಾಡು. ಗ್ಯಾಸ್ ಬಂದ ಮೇಲೂ ಕುಚ್ಚಲಕ್ಕಿ ಬೇಯುವುದು ಸೌದೆಯಲ್ಲೇ, ಸ್ನಾನದ ನೀರು ಕಾಯುವುದು ಮಡಲು, ಗೆರಟೆಯ ಬೆಂಕಿಯಲ್ಲೇ. ಅಂದರೆ ನಮ್ಮಲ್ಲಿ ಹೊರ ಅಡುಗೆಮನೆ ಮೂವತ್ತು ವರ್ಷಗಳಿಂದ ಇತ್ತು. ಅದಕ್ಕೆ ಯಾರೂ ನಕ್ಷೆ ಬರೆದಿರಲಿಲ್ಲ, ಅಷ್ಟೇ.

ಕೆಲವು ವರ್ಷಗಳ ಹಿಂದೆ ಉಮ್ಮನ ಕೆಮ್ಮು ನಿಲ್ಲದೆ ಆಸ್ಪತ್ರೆಗೆ ಕರೆದೊಯ್ದಾಗ ಡಾಕ್ಟರು ಮೊದಲು ಕೇಳಿದ್ದು, "ಇವರು ಬೀಡಿ ಸೇದುತ್ತಿದ್ದರಾ?" ಎಂದು. ಇಲ್ಲ ಎಂದೆವು. "ಹಾಗಾದರೆ ಸೌದೆ ಒಲೆಯಾ?" ಎಂದರು. ನಾವು ಮುಖ ಮುಖ ನೋಡಿಕೊಂಡೆವು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2020ರಲ್ಲಿ ಮನೆಯೊಲೆಗಳ ಹೊಗೆಯಿಂದಾಗಿ ಜಗತ್ತಿನಲ್ಲಿ ಸುಮಾರು 32 ಲಕ್ಷ ಜನ ಸತ್ತರು. ಆ ಲೆಕ್ಕವನ್ನು ನಾವು ಓದಿದ್ದು ಆಮೇಲೆ. ನಮ್ಮ ಮನೆಯ ಲೆಕ್ಕ ಅವತ್ತೇ ಗೊತ್ತಾಗಿತ್ತು.

ಹಾಗಾಗಿ ಉಮ್ಮನ ಪ್ರಶ್ನೆಯನ್ನು ನಗೆಯಲ್ಲಿ ತೇಲಿಸಿ ಬಿಡುವಂತಿರಲಿಲ್ಲ. ಪರೀಕ್ಷೆ ಮಾಡೋಣ ಎಂದುಕೊಂಡೆವು. ಒಂದು ಹಳೆಯ ಎಣ್ಣೆ ಡಬ್ಬದಲ್ಲಿ ತೆಂಗಿನ ಸಿಪ್ಪೆ ಹಾಕಿ, ಗ್ರಿಲ್ ಬರಬೇಕಾದ ಜಾಗದಲ್ಲೇ ಇಟ್ಟು, ನಾಲ್ಕು ದಿನ ಬೇರೆ ಬೇರೆ ಹೊತ್ತಿನಲ್ಲಿ ಹೊಗೆ ಹಾಕಿದೆವು. ನಮ್ಮದು ಕಡಲಿನಿಂದ ಎರಡು ಮೈಲಿ ಒಳಗಿನ ಊರು. ಹಗಲು ನೆಲ ಕಾದು ಮಧ್ಯಾಹ್ನದ ಮೇಲೆ ಕಡಲಗಾಳಿ ಪಶ್ಚಿಮದಿಂದ ಬೀಸುತ್ತದೆ. ರಾತ್ರಿ ನೆಲ ತಣಿದ ಮೇಲೆ ಗಾಳಿ ತಿರುಗಿ ನೆಲದ ಕಡೆಯಿಂದ ಕಡಲಿಗೆ ಹೋಗುತ್ತದೆ. ಇದನ್ನು ಶಾಲೆಯ ಪುಸ್ತಕದಲ್ಲಿ ಓದಿ ಅಂಕ ತೆಗೆದುಕೊಂಡವರು ನಾವು. ಆದರೆ ಗ್ರಿಲ್ ಹಚ್ಚುವುದು ಸಂಜೆ, ಸಂಜೆಯ ಗಾಳಿ ಪೂರ್ವಕ್ಕೆ, ಪೂರ್ವದ ಗೋಡೆಯಾಚೆ ಟೀಚರ್ ಮನೆ ಎಂಬುದನ್ನು ಒಟ್ಟಿಗೆ ಇಟ್ಟು ನೋಡಿರಲಿಲ್ಲ.

ಟೀಚರ್ ನಮಗೆಲ್ಲ ಒಂದನೇ ತರಗತಿಯಲ್ಲಿ ಅಕ್ಷರ ತಿದ್ದಿಸಿದವರು. ನಿವೃತ್ತರಾಗಿ ಒಬ್ಬರೇ ಇದ್ದಾರೆ. ಅವರಿಗೆ ದಮ್ಮಿನ ತೊಂದರೆ. ಮೊದಲ ದಿನವೇ ಹೋಗಿ ಕೇಳಿದೆವು, "ಟೀಚರ್, ಹೊಗೆ ಬರುತ್ತದಾ?" "ಪರವಾಗಿಲ್ಲ ಮಕ್ಕಳೇ, ಸ್ವಲ್ಪ ಹೊತ್ತು ತಾನೇ" ಎಂದರು. ನಮಗೆ ಸಮಾಧಾನವಾಯಿತು. ನಾಲ್ಕನೇ ದಿನ ಸಂಜೆ ಉಮ್ಮ ನಮ್ಮನ್ನು ಹಿತ್ತಿಲಿಗೆ ಕರೆದು ಗೋಡೆಯಾಚೆ ತೋರಿಸಿದರು. ಟೀಚರ್ ಸದಾ ತೆರೆದಿಡುತ್ತಿದ್ದ ಕಿಟಕಿ ಮುಚ್ಚಿತ್ತು. ಆ ಸೆಕೆಯಲ್ಲೂ.

"ಪರವಾಗಿಲ್ಲ ಎಂದವರ ಬಾಯಿ ನೋಡಬಾರದು, ಕಿಟಕಿ ನೋಡಬೇಕು" ಎಂದರು ಉಮ್ಮ. "ನಾನೂ ನಲವತ್ತು ವರ್ಷ ಪರವಾಗಿಲ್ಲ ಎಂದೇ ಹೇಳಿದ್ದು."

ನಕ್ಷೆ ಬದಲಾಯಿತು. ಉತ್ತರದ ಮೂಲೆಗೆ ಹೋದರೆ ಪೂರ್ವಕ್ಕೆ ಬರೀ ತೆಂಗಿನ ತೋಟ, ಮನೆಗಳಿಲ್ಲ. ಮಳೆಗಾಲದ ನೈಋತ್ಯದ ಗಾಳಿಗೂ ಹೊಗೆ ತೋಟದ ಕಡೆಗೇ ಸಾಗುತ್ತದೆ. ನೀರಿಗೆ ನಲವತ್ತು ಅಡಿ ಪೈಪು, ಕೊಳೆನೀರಿಗೆ ಬೇರೆ ಚರಂಡಿ. ಖರ್ಚು ಹೆಚ್ಚಾಯಿತು. ಅಣ್ಣ ಸ್ವಲ್ಪ ಮುಖ ಸಣ್ಣ ಮಾಡಿದರೂ ಒಪ್ಪಿದ. ನಿಲ್ಲುವವರ ಜಾಗವನ್ನೂ ಉಮ್ಮನೇ ಹೇಳಿಕೊಟ್ಟರು. ಗಾಳಿ ನೇರ ಬೆನ್ನಿಗೆ ಬಿದ್ದರೆ ಮೈಯ ಮುಂದೆ ಸುಳಿ ಎದ್ದು ಹೊಗೆ ತಿರುಗಿ ಮುಖಕ್ಕೇ ಬರುತ್ತದೆ. ಗಾಳಿ ಓರೆಯಾಗಿ ಹಾಯುವಂತೆ ಒಲೆಯ ಬಾಯಿ ಇರಬೇಕು. ಇದು ಯಾವ ಪುಸ್ತಕದಿಂದ ಬಂದ ವಿದ್ಯೆ ಎಂದು ನಾವು ಕೇಳಲಿಲ್ಲ.

ಮೇಸ್ತ್ರಿ ಬಂದರು. ಕೆಂಪುಕಲ್ಲಿನಲ್ಲಿ 33 ಇಂಚು ಎತ್ತರದ ಕಟ್ಟೆ ಎದ್ದಿತು. ಇಲ್ಲಿ ನಮ್ಮ ಅವಸರ ಒಂದು ತಪ್ಪು ಮಾಡಿಸಿತು. ಗ್ರಿಲ್ಲಿನ ಒಳಮೈಯನ್ನೂ ಕೆಂಪುಕಲ್ಲಿನಲ್ಲೇ ಕಟ್ಟಿಸಿ, ಸಿಮೆಂಟು ಬಳಿಸಿ, ಹಸಿ ಆರುವ ಮುನ್ನವೇ ಬೆಂಕಿ ಹಚ್ಚಿಬಿಟ್ಟೆವು. ಅರ್ಧ ಗಂಟೆಯಲ್ಲಿ ಗಾರೆ ಪಟಪಟ ಸಿಡಿದು, ಮೂಲೆಯಿಂದ ಮೂಲೆಗೆ ಬಿರುಕು ಬಿಟ್ಟಿತು. ಕೆಂಪುಕಲ್ಲಿಗೆ ಲ್ಯಾಟರೈಟ್ ಎಂಬ ಹೆಸರಿಟ್ಟವನು ಫ್ರಾನ್ಸಿಸ್ ಬುಕನನ್, 1807ರಲ್ಲಿ. ಲ್ಯಾಟಿನ್ ಭಾಷೆಯಲ್ಲಿ ಇಟ್ಟಿಗೆ ಎಂಬ ಅರ್ಥದ ಮಾತಿನಿಂದ ಆ ಹೆಸರು ಬಂತು. ಆದರೆ ಇಟ್ಟಿಗೆ ಬೆಂಕಿಯಲ್ಲಿ ಬೆಂದು ಬಂದದ್ದು, ಕೆಂಪುಕಲ್ಲು ನೆಲದಿಂದ ಕೊಯ್ದು ಬಿಸಿಲಿಗೆ ಗಟ್ಟಿಯಾದದ್ದು. ಒಂದು ಮಳೆ ತಡೆಯುತ್ತದೆ ಎಂದು ಬೆಂಕಿಯನ್ನೂ ತಡೆಯಲಿ ಎನ್ನುವುದು ನ್ಯಾಯವಲ್ಲ.

ಒಳಮೈ ಕೆಡವಿ, ಒಂಬತ್ತು ಇಂಚು ಉದ್ದದ ಫೈರ್ ಬ್ರಿಕ್ ತಂದು, ಸಿಮೆಂಟಿನ ಬದಲು ಫೈರ್ ಕ್ಲೇಯಲ್ಲಿ ಮತ್ತೆ ಕಟ್ಟಿಸಿದೆವು. ಹೊರಗೋಡೆಗೂ ಒಳಗೋಡೆಗೂ ನಡುವೆ ಒಂದು ಬೆರಳಿನಷ್ಟು ಸಂದಿ ಬಿಟ್ಟೆವು. ಕಾದಾಗ ಹಿಗ್ಗಲು ಅದಕ್ಕೆ ಜಾಗ ಬೇಕು. ಇದ್ದಿಲಿನ ತಟ್ಟೆಗೂ ಮೇಲಿನ ಸರಳುಗಳಿಗೂ ಆರು ಇಂಚು ಅಂತರ, ತಟ್ಟೆಯ ಕೆಳಗೆ ಗಾಳಿಗೆ ಒಂದು ಕಿಂಡಿ, ಬೂದಿ ಎಳೆಯಲು ಒಂದು ಟ್ರೇ. ವೆಲ್ಡಿಂಗ್ ಅಂಗಡಿಯವರು ಅಗ್ಗವಾಗುತ್ತದೆ ಎಂದು ಸತುವಿನ ಲೇಪದ ಜಿಐ ಸರಳು ಹಾಕುವ ಎಂದರು. ಕಾದರೆ ಆ ಸತುವಿನಿಂದ ಕೆಟ್ಟ ಹೊಗೆ ಏಳುತ್ತದೆ, ಅದು ಬೇಡ ಎಂದು 304 ನಂಬರಿನ ಸ್ಟೇನ್‌ಲೆಸ್ ಸ್ಟೀಲಿನ ಸರಳನ್ನೇ ಹಾಕಿಸಿದೆವು. ಸಿಲಿಂಡರ್ ಇಡುವ ಗೂಡಿಗೆ ನೆಲದ ಮಟ್ಟದಲ್ಲಿ ಎರಡು ಕಿಂಡಿ. ಅಡುಗೆ ಗ್ಯಾಸ್ ಗಾಳಿಗಿಂತ ಭಾರ, ಸೋರಿದರೆ ಕೆಳಗೇ ಕೂರುತ್ತದೆ, ಹೊರಹೋಗುವ ದಾರಿಯೂ ಕೆಳಗೇ ಇರಬೇಕು. ಈ ಸಲ ವಾರವಿಡೀ ನೆರಳಲ್ಲಿ ಒಣಗಲು ಬಿಟ್ಟು, ಆಮೇಲೆ ಮೂರು ದಿನ ಗೆರಟೆಯ ಸಣ್ಣ ಬೆಂಕಿ ಹಾಕಿ ನಿಧಾನ ಕಾಯಿಸಿದೆವು. ಬಿರುಕು ಬರಲಿಲ್ಲ.

ಉಳಿದದ್ದು ಹೊಗೆ ಕೊಳವೆ. ಒಲೆಯ ಬಾಯಿ ಎಷ್ಟು ಅಗಲವೋ ಅದರ ಹತ್ತನೇ ಒಂದು ಪಾಲಿನಷ್ಟಾದರೂ ಕೊಳವೆಯ ಒಳಗಾತ್ರ ಇರಬೇಕು, ಮಾಡಿನ ನೆತ್ತಿಗಿಂತ ಎರಡಡಿ ಮೇಲೆ ಹೋಗಬೇಕು ಎಂದು ಮೇಸ್ತ್ರಿ ಲೆಕ್ಕ ಹೇಳುತ್ತಿದ್ದರು. ನಾವು ತಲೆಯಾಡಿಸುತ್ತಿದ್ದೆವು. ಕುರ್ಚಿಯಲ್ಲಿ ಕೂತಿದ್ದ ಉಮ್ಮ ಮೆಲ್ಲಗೆ ಕೇಳಿದರು:

"ತಿಂಗಳಿಗೊಂದು ದಿನ ಉರಿಯುವ ಒಲೆಗೆ ಇಷ್ಟೆತ್ತರದ ಕೊಳವೆ. ದಿನಾ ಉರಿಯುವ ಒಲೆಗೆ?"

ಆ ಹೊತ್ತಿಗೆ ಹಿಂದಿನ ತಗಡಿನ ಮಾಡಿನೊಳಗೆ ಅತ್ತಿಗೆ ಕುಚ್ಚಲಕ್ಕಿಯ ಪಾತ್ರೆ ಇಳಿಸುತ್ತಿದ್ದರು. ತಗಡಿನ ಅಂಚಿನಿಂದ ಹೊಗೆ ಸುತ್ತಲೂ ಸೋರುತ್ತಿತ್ತು. ಅವರು ಸೆರಗಿನಿಂದ ಕಣ್ಣೊರೆಸಿಕೊಂಡು ಎರಡು ಸಲ ಕೆಮ್ಮಿದರು. ಆ ಕೆಮ್ಮು ನಮಗೆ ಹೊಸದಲ್ಲ. ಉಮ್ಮನ ಕೆಮ್ಮೂ ಶುರುವಾದದ್ದು ಹಾಗೆಯೇ. ಟೀಚರ್ ಮನೆಯ ಕಿಟಕಿಯನ್ನಾದರೂ ಉಮ್ಮ ತೋರಿಸಿದ ಮೇಲೆ ನೋಡಿದ್ದೆವು. ನಮ್ಮದೇ ಮಾಡಿಗೆ ಮುಚ್ಚಲು ಒಂದು ಕಿಟಕಿಯೂ ಇರಲಿಲ್ಲ.

ದೊಡ್ಡಣ್ಣ ಏನೂ ಮಾತಾಡಲಿಲ್ಲ. ಸ್ವಲ್ಪ ಹೊತ್ತು ನಿಂತು, "ಮೇಸ್ತ್ರಿ, ಮೊದಲು ಅದನ್ನು ಮಾಡಿ, ಇದು ಆಮೇಲೆ" ಎಂದ.

ಕರ್ನಾಟಕದಲ್ಲಿ ಇದೇನೂ ಹೊಸ ವಿದ್ಯೆಯಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರು 1974ರಲ್ಲಿ ಕಟ್ಟಿದ ಆಸ್ತ್ರ ಎಂಬ ಕೇಂದ್ರ ಹೊಗೆ ಕೊಳವೆಯಿರುವ, ಕಡಿಮೆ ಸೌದೆ ಬೇಡುವ ಒಲೆಯನ್ನು ರೂಪಿಸಿತ್ತು. ಆಸ್ತ್ರ ಒಲೆ ಎಂದೇ ಅದು ಹಳ್ಳಿಗಳಲ್ಲಿ ಹೆಸರಾಯಿತು. ಮುಚ್ಚಿದ ಒಲೆ, ಕೆಳಗೆ ಗಾಳಿಗೆ ಜಾಲರಿ, ಒಂದೇ ಬೆಂಕಿಗೆ ಸಾಲಾಗಿ ಮೂರು ಪಾತ್ರೆ, ಕೊನೆಯಲ್ಲಿ ಕೊಳವೆ. ನಮ್ಮ ಮೇಸ್ತ್ರಿ ಕಟ್ಟಿದ್ದು ಆ ಒಲೆಯನ್ನೇ ಅಲ್ಲ, ಆದರೆ ಅದೇ ದಾರಿಯದ್ದು. ಎರಡು ಪಾತ್ರೆ ಕೂರುವ ಮುಚ್ಚಿದ ಒಲೆ, ಹಿಂದಿನದಕ್ಕೆ ಸ್ನಾನದ ನೀರಿನ ಹಂಡೆ, ಅಲ್ಲಿಂದ ಮಾಡು ದಾಟಿ ಮೇಲಕ್ಕೆ ಕೊಳವೆ. ಕೆಲಸ ಎರಡೂವರೆ ದಿನದ್ದು. ಗ್ರಿಲ್ಲಿನಿಂದ ಉಳಿದ ಇಟ್ಟಿಗೆಯೇ ಸಾಕಾಯಿತು. ಗ್ರಿಲ್ಲಿಗಾದ ಖರ್ಚಿನ ಪಕ್ಕದಲ್ಲಿ ಅದೊಂದು ಖರ್ಚೇ ಅಲ್ಲ. ಎರಡೂವರೆ ದಿನದ ಕೆಲಸವನ್ನು ಮೂವತ್ತು ವರ್ಷ ಮಾಡದೆ ಬಿಟ್ಟಿದ್ದೆವು. ಕಾರಣ ಹುಡುಕಿದರೆ ಸಿಗುವುದು ಒಂದೇ. ಆ ಒಲೆಯ ಮುಂದೆ ನಿಂತವರು ನಾವಲ್ಲ.

ಗ್ರಿಲ್ ಹಚ್ಚಿದ್ದು ಅದಾದ ವಾರದ ಮೇಲೆ. ಗೆರಟೆ ಇದ್ದಿಲು ಹೊತ್ತಿ, ಮೇಲೆ ಬೂದಿಬಣ್ಣ ಮೂಡುವವರೆಗೆ ಕಾದೆವು. ಹೊಗೆ ಏಳುವುದು ಅದಕ್ಕೆ ಮೊದಲೇ, ಆಮೇಲೆ ಬರೀ ಕಾವು. ಬಾಳೆಯೆಲೆಯಲ್ಲಿ ಸುತ್ತಿದ ಬಂಗುಡೆ, ಮಸಾಲೆ ಹಚ್ಚಿದ ಕೋಳಿ. ಸುಟ್ಟವರು ನಾವು. ಉಮ್ಮ ಮತ್ತು ಅತ್ತಿಗೆ ಗಾಳಿ ಬರುವ ಬದಿಯಲ್ಲಿ ಕಾಲು ಚಾಚಿ ಕೂತಿದ್ದರು. ದೊಡ್ಡಣ್ಣ ನಡುನಡುವೆ ಅವರ ಕಡೆಗೆ ತಿರುಗಿ ನೋಡುತ್ತಿದ್ದ. ಕೋಳಿಯ ಒಂದು ಬದಿ ಕರಕಲಾದದ್ದು ಆ ಹೊತ್ತಿನಲ್ಲೇ ಇರಬೇಕು. ಬೆಂಕಿ ಹಚ್ಚಿದವರೇ ಬೂದಿ ಎತ್ತಬೇಕು, ಸರಳು ತಿಕ್ಕಬೇಕು ಎಂಬುದು ಉಮ್ಮ ಹಾಕಿದ ಕಾಯಿದೆ. ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಜಿಲ್ಲೆಯಲ್ಲಿ ನೆನೆದ ಬೂದಿ ಎಂಥ ಉಕ್ಕನ್ನೂ ತಿಂದುಹಾಕುತ್ತದೆ. ಹಾಗಾಗಿ ಕಾಯಿದೆ ಮುರಿಯುವಂತಿಲ್ಲ.

ಟೀಚರ್ ಮನೆಗೆ ಒಂದು ತಟ್ಟೆ ಬಂಗುಡೆ ಕಳಿಸಿದೆವು. ಮೀನು ಕೊಟ್ಟು ಬಂದ ಹುಡುಗನನ್ನು ಉಮ್ಮ ಕೇಳಿದ್ದು ಅವರು ಏನೆಂದರು ಎಂದಲ್ಲ, ಕಿಟಕಿ ತೆರೆದಿತ್ತಾ ಎಂದು. ತೆರೆದಿತ್ತು.

ಉಮ್ಮನ ಕೆಮ್ಮು ಹೋಗಿಲ್ಲ, ಹೋಗುವಂಥದ್ದೂ ಅಲ್ಲ ಎಂದಿದ್ದಾರೆ ಡಾಕ್ಟರು. ಈಗ ಮನೆಗೆ ಬಂದವರೆಲ್ಲ ಹಿತ್ತಿಲಿಗೆ ಹೋಗಿ ಗ್ರಿಲ್ ನೋಡುತ್ತಾರೆ, ಎಷ್ಟಾಯಿತು, ಎಲ್ಲಿಂದ ತರಿಸಿದಿರಿ ಎಂದು ಕೇಳುತ್ತಾರೆ. ನಾವು ವಿವರ ಹೇಳುತ್ತೇವೆ. ಆಮೇಲೆ ಅವರನ್ನು ಹಿಂದಿನ ಮಾಡಿಗೂ ಕರೆದೊಯ್ದು ಆ ಇನ್ನೊಂದು ಕೊಳವೆಯನ್ನು ತೋರಿಸುತ್ತೇವೆ. ಹೆಚ್ಚಿನವರು ಅದನ್ನು ಒಮ್ಮೆ ನೋಡಿ ಗ್ರಿಲ್ಲಿನ ಮಾತಿಗೇ ಮರಳುತ್ತಾರೆ. ಜತೆಗೆ ಬಂದ ಹೆಂಗಸರು ಮಾತ್ರ ಅಲ್ಲೇ ನಿಂತು, ಇದಕ್ಕೆ ಎಷ್ಟು ದಿನ ಹಿಡಿಯಿತು ಎಂದು ಕೇಳುತ್ತಾರೆ.